ಠಾಣೆಯ ಮೆಟ್ಟಿಲಿಳಿದ ಮೇಲೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಮನೆಯೊಳಗಿನ ಹೊಡೆತಕ್ಕೆ ಕಾನೂನಿನಲ್ಲಿ ಹೆಸರು ಸಿಗುವ ಎಷ್ಟೋ ಮೊದಲೇ ಈ ಗಾದೆ ಊರಕಟ್ಟೆಯಲ್ಲೂ ಪೊಲೀಸ್ ಠಾಣೆಯಲ್ಲೂ ತೀರ್ಪಿನ ಹಾಗೆ ಚಾಲ್ತಿಯಲ್ಲಿತ್ತು. ಇದು ಉಣ್ಣುವುದಕ್ಕೂ ಮಲಗುವುದಕ್ಕೂ ಮನೆಯಲ್ಲಿ ಜಾಗ ಉಳಿದಿರುವವಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಗಾದೆ. ರಾತ್ರಿ ಎಂಟಕ್ಕೆ ಕೂಸನ್ನು ಎತ್ತಿಕೊಂಡು ಹೊರಗೆ ಬಂದವಳು ಎಲ್ಲಿ ಉಂಡಳು, ಎಲ್ಲಿ ಮಲಗಿದಳು ಎಂಬುದನ್ನು ಅದು ಕೇಳುವುದಿಲ್ಲ. ಕರ್ನಾಟಕದಲ್ಲಿ ಆ ಪ್ರಶ್ನೆಯನ್ನು ಯಾರು ಕೇಳಿದರು, ಪೊಲೀಸರು ಅದಕ್ಕೆ ಉತ್ತರ ಕೊಡುವ ಸರಪಳಿಯ ಒಂದು ಕೊಂಡಿಯಾದದ್ದು ಹೇಗೆ ಎಂಬುದು ಈ ಬರಹದ ವಿಷಯ.

ಇವತ್ತಿನ ಕಾನೂನಿನ ಪ್ರಕಾರ, ಹೊಡೆತ ತಿಂದು ಠಾಣೆಗೆ ಬಂದ ಹೆಂಗಸಿಗೆ ಪೊಲೀಸರು ದೂರು ಬರೆದುಕೊಳ್ಳುವುದರ ಜೊತೆಗೆ ಮುಂದಿನ ದಾರಿಯನ್ನೂ ತೋರಿಸಬೇಕು. ಸಂರಕ್ಷಣಾಧಿಕಾರಿ ಯಾರು, ಉಚಿತ ವಕೀಲರು ಎಲ್ಲಿ ಸಿಗುತ್ತಾರೆ, ನೆರವು ಕೊಡುವ ಸಂಸ್ಥೆ ಯಾವುದು ಎಂದು ತಿಳಿಸಬೇಕು. ಕಾಗದದ ಮೇಲೆ ಇದು ನಾಲ್ಕು ಸಾಲಿನ ಮಾತು. ಬಾಗಲಕೋಟೆ ಜಿಲ್ಲೆಯ ಹುನಗುಂದ-ಇಳಕಲ್ಲ ಸೀಮೆಯ ಮರೋಳದಂಥ ಹಳ್ಳಿಯಿಂದ ನೋಡಿದರೆ ಇದೇ ಮಾತು ಹಲವು ಊರುಗಳ ಪ್ರಯಾಣ. ಸಂರಕ್ಷಣಾಧಿಕಾರಿಯ ಹುದ್ದೆ ಹೊತ್ತವರು ತಾಲೂಕು ಊರಿನ ಶಿಶು ಅಭಿವೃದ್ಧಿ ಕಚೇರಿಯಲ್ಲಿರುತ್ತಾರೆ. ಆದೇಶ ಕೊಡುವ ಮ್ಯಾಜಿಸ್ಟ್ರೇಟರು ಇರುವುದು ಕೋರ್ಟಿನಲ್ಲಿ. ಐದು ದಿನದ ಮಟ್ಟಿಗಾದರೂ ತಲೆ ಮೇಲೊಂದು ಸೂರು ಕೊಡುವ ಸಖಿ ಕೇಂದ್ರ ಇರುವುದು ಜಿಲ್ಲಾ ಕೇಂದ್ರದಲ್ಲಿ. ಈ ಒಂದೊಂದು ಕೊಂಡಿಯೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ಒತ್ತಾಯದಿಂದ ಹುಟ್ಟಿದ್ದು. ಅವುಗಳ ನಡುವೆ ಸಂದು ಉಳಿದಿರುವುದಕ್ಕೆ ಕಾರಣವೂ ಆ ಚರಿತ್ರೆಯಲ್ಲೇ ಇದೆ.

ತವರೆಂಬ ಮೊದಲ ಆಶ್ರಯ

ಠಾಣೆಗಿಂತ ಮೊದಲು ತವರಿತ್ತು. ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದವರು, ಅಂದಿನ ವಿಜಾಪುರ ಜಿಲ್ಲೆಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ ‘ಗರತಿಯ ಹಾಡು’ ಸಂಕಲನವನ್ನು ಓದಿದವರಿಗೆ ತವರು ಎಂಬ ಮಾತು ಎಷ್ಟು ಭಾರ ಹೊತ್ತಿದೆ ಎಂಬುದು ಗೊತ್ತು. ಬೀಸುಕಲ್ಲಿನ ಮುಂದೆ ಕೂತವಳು ಅತ್ತೆಮನೆಯ ಸಂಕಟವನ್ನು ಕಲ್ಲಿಗೆ ಹೇಳುತ್ತಾಳೆ. ತವರಿನ ದಾರಿ ನೋಡುತ್ತಾಳೆ, ಅಣ್ಣ ಬರುವನೆಂದು ಕಾಯುತ್ತಾಳೆ. ಇದನ್ನು ಬರೀ ಭಾವುಕತೆ ಎಂದು ಓದಿದರೆ ಒಂದು ಸಾಮಾಜಿಕ ಸತ್ಯ ಕೈತಪ್ಪುತ್ತದೆ. ಆ ಕಾಲದ ಹೆಣ್ಣಿಗೆ ಇದ್ದ ಏಕೈಕ ಆಶ್ರಯಗೃಹ ತವರು, ಏಕೈಕ ಸಂರಕ್ಷಣಾಧಿಕಾರಿ ಅಣ್ಣ.

ಆ ಆಶ್ರಯಕ್ಕೂ ಒಂದು ಮಿತಿ ಇತ್ತು. ತವರು ಎಂದರೆ ನಾಲ್ಕು ದಿನ ಇದ್ದು ಹೋಗುವ ಜಾಗ. ಐದನೆಯ ದಿನ ಹಿರಿಯರು ಸೇರಿ ಬುದ್ಧಿ ಹೇಳಿ ಕಳಿಸುತ್ತಿದ್ದರು. ಅಳಿಯನ ಕಡೆಯವರಿಂದ ಒಂದು ಮಾತು ತೆಗೆದುಕೊಂಡು, ಇನ್ನೊಮ್ಮೆ ಹೀಗಾಗದು ಎಂದು ಎಲೆ ಅಡಿಕೆ ಹಿಡಿಸಿ ಮುಗಿಸುತ್ತಿದ್ದರು. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕತೆಯಲ್ಲಿ ಈ ಮಿತಿ ಅತ್ಯಂತ ಕಠೋರವಾಗಿ ಕಾಣುತ್ತದೆ. ಗಂಡನಿಂದ ಮೋಸಹೋಗಿ ತವರಿಗೆ ಬಂದ ಹೆಣ್ಣನ್ನು ಸ್ವಂತ ಅಣ್ಣತಮ್ಮಂದಿರೇ ಮನೆತನದ ಮರ್ಯಾದೆಯ ಹೆಸರು ಹೇಳಿ ವಾಪಸು ಬಿಟ್ಟು ಬರುತ್ತಾರೆ. ಆಮೇಲೆ ಅವಳ ಕೈಗೆ ಸಿಗುವುದು ಸೀಮೆಎಣ್ಣೆ. ತಡೆಯುವುದು ಅವಳ ಮಗಳು. ಆ ಕತೆಯಲ್ಲಿ ಎಲ್ಲೂ ಒಂದು ಸಹಾಯವಾಣಿಯಿಲ್ಲ, ಕರೆದೊಯ್ಯುವ ಒಬ್ಬ ಕಾರ್ಯಕರ್ತೆಯಿಲ್ಲ. ತವರು ಮುಚ್ಚಿದ ಮೇಲೆ ಇನ್ನೊಂದು ಬಾಗಿಲು ಬೇಕೆಂಬುದನ್ನು ಯಾವ ವರದಿಗಿಂತಲೂ ಚೆನ್ನಾಗಿ ಆ ಕತೆ ಹೇಳುತ್ತದೆ.

ಮುಚ್ಚಳಿಕೆಯ ಕಾಲ

ಪೊಲೀಸ್ ಠಾಣೆ ಬಹಳ ಕಾಲ ಆ ಇನ್ನೊಂದು ಬಾಗಿಲಾಗಿರಲಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇತ್ತಾದರೂ ಗಂಡ ಹೊಡೆದ ಎಂಬ ದೂರಿಗೆ ದಂಡ ಸಂಹಿತೆಯ ಮಾಮೂಲಿ ಹಲ್ಲೆಯ ಕಲಮುಗಳನ್ನೇ ಹುಡುಕಬೇಕಿತ್ತು. ರೂಢಿಯಲ್ಲಿ ನಡೆಯುತ್ತಿದ್ದುದು ರಾಜಿ. ಫೌಜದಾರರು ಗಂಡನನ್ನು ಕರೆಸಿ ಗದರಿಸುವುದು, ಎರಡು ಕಡೆಯ ಹಿರಿಯರನ್ನು ಕೂರಿಸುವುದು, ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸುವುದು. ಮುಚ್ಚಳಿಕೆಯ ಹಾಳೆ ಠಾಣೆಯ ಕಪಾಟಿನಲ್ಲಿ ಉಳಿಯುತ್ತಿತ್ತು. ಅವಳು ಅದೇ ಮನೆಗೆ ಹೋಗುತ್ತಿದ್ದಳು.

1970ರ ದಶಕದ ಕೊನೆಯಲ್ಲಿ ದೇಶದ ಹಲವು ನಗರಗಳಲ್ಲಿ ಮಹಿಳಾ ಗುಂಪುಗಳು ಬೀದಿಗಿಳಿದವು. ವರದಕ್ಷಿಣೆಯ ಸಾವುಗಳನ್ನು ಸ್ಟೋವ್ ಸಿಡಿದ ಅಪಘಾತ ಎಂದು ಬರೆದು ಮುಗಿಸುವುದನ್ನು ಅವು ಪ್ರಶ್ನಿಸಿದವು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಈ ಕೆಲಸವನ್ನು ಹತ್ತಾರು ವರ್ಷ ಎಡೆಬಿಡದೆ ಮಾಡಿತು. ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು ಹೆಣ್ಣುಮಕ್ಕಳ ಮಾತು ಕೇಳಿದರು, ಠಾಣೆಗಳ ದಾಖಲೆ ನೋಡಿದರು, ಸಾವು ದಾಖಲಾದ ಬಗೆಗೂ ಮನೆಯವರು ಹೇಳುವ ಕತೆಗೂ ಇದ್ದ ಅಂತರವನ್ನು ಸಾರ್ವಜನಿಕರ ಮುಂದಿಟ್ಟರು. ಸಂಕಟದಲ್ಲಿರುವ ಹೆಣ್ಣುಮಕ್ಕಳಿಗಾಗಿ ಅವರು ನಡೆಸಿದ ನೆರವಿನ ಕೇಂದ್ರಕ್ಕೆ ‘ಅಂಗಳ’ ಎಂಬ ಹೆಸರಿಟ್ಟರು. ಹೆಸರು ಸರಿಯಾದದ್ದೇ. ಅಂಗಳ ಮನೆಯ ಹೊರಗಿದ್ದೂ ಬೀದಿಯಾಗದ ಜಾಗ.

ಈ ಚಳವಳಿಯ ಒತ್ತಡದಿಂದ 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಸೇರಿತು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯ ಮೊದಲ ಬಾರಿಗೆ ಹೆಸರುಳ್ಳ ಅಪರಾಧವಾಯಿತು. 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಂ ಬಂತು. 2024ರ ಜುಲೈ 1ರಿಂದ 498ಎಯ ಸಾರವೇ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಹೀಗೆ ಠಾಣೆಗೆ ಹೋದ ಹೆಂಗಸಿನ ಮುಂದೆ ಎರಡು ದಾರಿ ತೆರೆದವು: ಕೇಸು ಅಥವಾ ರಾಜಿ. ಕೇಸು ಹಾಕಿದರೆ ಗಂಡ ಜೈಲಿಗೆ ಹೋಗಬಹುದು, ಆದರೆ ಅವಳಿಗೆ ಮನೆಯಾಗಲಿ ಮಕ್ಕಳ ಖರ್ಚಾಗಲಿ ಅದರಿಂದ ಸಿಗುವುದಿಲ್ಲ. ರಾಜಿಯಾದರೆ ಮನೆ ಸಿಗುತ್ತದೆ, ಹೊಡೆತದ ಸಮೇತ. ಬಹುಪಾಲು ಹೆಂಗಸರು ಠಾಣೆಗೆ ಬಂದು ಕೇಳುತ್ತಿದ್ದುದು ಇವೆರಡರಲ್ಲಿ ಯಾವುದೂ ಅಲ್ಲ. ಹೊಡೆಯುವುದು ನಿಲ್ಲಬೇಕು, ಇರಲಿಕ್ಕೊಂದು ಜಾಗ ಬೇಕು, ಮಕ್ಕಳು ನನ್ನ ಹತ್ತಿರ ಇರಬೇಕು ಎಂಬ ಮೂರು ಮಾತು.

ಠಾಣೆಯೊಳಗೊಂದು ಬೇರೆ ಕುರ್ಚಿ

ಪೊಲೀಸ್ ಕಚೇರಿಯೊಳಗೇ ಪೊಲೀಸರಲ್ಲದವರನ್ನು ಕೂರಿಸಬೇಕು ಎಂಬ ಯೋಚನೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ಬೇರೂರಿದ್ದು ಮುಂಬಯಿಯಲ್ಲಿ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿ ಪೊಲೀಸರು ಸೇರಿ ಆಯುಕ್ತರ ಕಚೇರಿಯಲ್ಲಿ ಮಹಿಳೆ ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆದರು. ಅಲ್ಲಿ ಕೂತವರು ತರಬೇತಾದ ಸಮಾಜ ಕಾರ್ಯಕರ್ತೆಯರು. ದೂರು ಹೇಳಲು ಬಂದವಳ ಮಾತನ್ನು ಪೂರ್ತಿ ಕೇಳುವುದು, ಅವಳಿಗೆ ಏನು ಬೇಕು ಎಂಬುದನ್ನು ಅವಳಿಂದಲೇ ತಿಳಿಯುವುದು, ಆಮೇಲೆ ಪೊಲೀಸರ ಅಧಿಕಾರವನ್ನು ಅವಳ ಪರವಾಗಿ ಬಳಸುವುದು ಅವರ ಕೆಲಸ.

ಇದಕ್ಕೆ ಹನ್ನೊಂದು ವರ್ಷ ಮೊದಲು, 1973ರಲ್ಲಿ, ಕೇರಳದ ಕೋಝಿಕ್ಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ಶುರುವಾಗಿತ್ತು. ಎರಡೂ ಯೋಚನೆಗಳು ಹೊರನೋಟಕ್ಕೆ ಒಂದೇ ಥರ ಕಂಡರೂ ಬೇರೆ ಬೇರೆ. ಮಹಿಳಾ ಠಾಣೆ ಸಮವಸ್ತ್ರ ತೊಟ್ಟವರನ್ನು ಬದಲಿಸುತ್ತದೆ. ವಿಶೇಷ ಘಟಕ ಸಮವಸ್ತ್ರವಿಲ್ಲದವರನ್ನು ಒಳಗೆ ತರುತ್ತದೆ. ಸಮವಸ್ತ್ರದಲ್ಲಿ ಹೆಂಗಸೇ ಇದ್ದರೂ ಆಕೆಯ ಮೇಜಿನ ಮೇಲೆ ಬಂದೋಬಸ್ತು, ಸಮನ್ಸು, ಕೋರ್ಟು ಡ್ಯೂಟಿ ಎಲ್ಲವೂ ಇರುತ್ತವೆ. ಕೇಳುವುದೇ ಕೆಲಸವಾದವರು ಬೇಕು ಎಂಬುದು ಎರಡನೆಯ ಯೋಚನೆಯ ತಿರುಳು.

ಬೆಂಗಳೂರಿಗೆ ಈ ಎರಡನೆಯ ಯೋಚನೆ ಬಂದದ್ದು 1999ರಲ್ಲಿ, ವನಿತಾ ಸಹಾಯವಾಣಿಯ ರೂಪದಲ್ಲಿ. ನಗರ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ‘ಪರಿಹಾರ’ ಸಂಸ್ಥೆಯ ಆಪ್ತ ಸಮಾಲೋಚಕಿಯರು ಕೂತರು. ರಾಣಿ ಶೆಟ್ಟಿಯವರು ಇದರ ಹೊಣೆ ಹೊತ್ತು ದೀರ್ಘಕಾಲ ನಡೆಸಿದರು. ಠಾಣೆಗೆ ಹೋಗಲು ಅಂಜುವವಳು 1091ಕ್ಕೆ ಫೋನು ಮಾಡಬಹುದಿತ್ತು. ಠಾಣೆಗೆ ಹೋದವಳನ್ನು ಪೊಲೀಸರು ಇಲ್ಲಿಗೆ ಕಳಿಸಬಹುದಿತ್ತು. ಇಲ್ಲಿಂದ ವಕೀಲರಿಗೆ, ಆಸ್ಪತ್ರೆಗೆ, ವಸತಿಗೃಹಕ್ಕೆ ದಾರಿ ಇತ್ತು. ಪೊಲೀಸರು ನೆರವಿನ ಕಡೆಗೆ ಕೈತೋರಿಸುವುದು ನಮ್ಮಲ್ಲಿ ರೂಢಿಯ ಕೆಲಸವಾದದ್ದು ಹೀಗೆ, ಕಾನೂನು ಅದನ್ನು ಕಡ್ಡಾಯ ಮಾಡುವ ಎಷ್ಟೋ ಮೊದಲು. ಆದರೆ ಅದು ರಾಜಧಾನಿಯ ರೂಢಿ.

ವಿಜಾಪುರ ಜಿಲ್ಲೆಯ ಸಂಘದ ಹೆಂಗಸರು

ಮಲಪ್ರಭೆ ಕೃಷ್ಣೆಯರ ಈ ಭಾಗದಲ್ಲಿ ಕತೆ ಬೇರೆ ತುದಿಯಿಂದ ಶುರುವಾಗುತ್ತದೆ. ಇಲ್ಲಿ ಆಯುಕ್ತರ ಕಚೇರಿ ಇರಲಿಲ್ಲ, ಸಂಘಗಳಿದ್ದವು. 1980ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ ಮಹಿಳಾ ಸಮಖ್ಯಾ ಎಂಬ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದಲ್ಲಿ ಮೊದಲು ಆಯ್ದುಕೊಂಡ ಜಿಲ್ಲೆಗಳು ಬೀದರ, ವಿಜಾಪುರ ಮತ್ತು ಮೈಸೂರು. ಆಗ ಬಾಗಲಕೋಟೆ, ಬದಾಮಿ, ಹುನಗುಂದಗಳೆಲ್ಲ ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಮಹಿಳಾ ಸಮಖ್ಯಾ ಸಾಲ ಕೊಡುವ, ಹೊಲಿಗೆ ಯಂತ್ರ ಹಂಚುವ ಯೋಜನೆಯಾಗಿರಲಿಲ್ಲ. ಸಹಯೋಗಿನಿ ಎಂದು ಕರೆಸಿಕೊಂಡ ಕಾರ್ಯಕರ್ತೆ ಸುಮಾರು ಹತ್ತು ಹಳ್ಳಿ ತಿರುಗುತ್ತಿದ್ದಳು. ಬಡ, ದಲಿತ, ಭೂಮಿಯಿಲ್ಲದ ಹೆಂಗಸರನ್ನು ಕೂರಿಸಿ ಮಾತಾಡಿಸುತ್ತಿದ್ದಳು. ಕೂಲಿ, ಕುಡಿಯುವ ನೀರು, ಸಾರಾಯಿಗಳ ಮಾತು ಮುಗಿಯುವ ಹೊತ್ತಿಗೆ ಹೊಡೆತದ ಮಾತು ಬರುತ್ತಿತ್ತು. ಸಂಘದ ಹೆಂಗಸರು ಒಬ್ಬಳ ಬೆನ್ನಿಗೆ ನಿಂತು ಅವಳ ಮನೆಗೆ ಹೋಗುವುದು, ಪಂಚಾಯಿತಿಗೆ ಹೋಗುವುದು, ಠಾಣೆಗೆ ಹೋಗುವುದು ಇಂಥ ಸಂಘಗಳಿಂದ ಬಂದ ರೂಢಿ. ಒಬ್ಬಳೇ ಹೋದರೆ ಹೊರಗಿನ ಬೆಂಚಿನ ಮೇಲೆ ಕಾಯಬೇಕಾದ ಠಾಣೆಗೆ ಹತ್ತು ಜನ ಹೋದರೆ ಒಳಗೆ ಕರೆಯುತ್ತಾರೆ ಎಂಬುದನ್ನು ಅವರು ಅನುಭವದಿಂದ ಕಲಿತರು.

ಬೆಂಗಳೂರಿನಲ್ಲಿ ಪೊಲೀಸರು ಹೆಂಗಸನ್ನು ನೆರವಿನ ಕಡೆ ಕಳಿಸುತ್ತಿದ್ದರು. ಇಲ್ಲಿ ನೆರವು ಮೊದಲು ಅವಳ ಜೊತೆಗಿದ್ದು ಅವಳನ್ನು ಪೊಲೀಸರ ಕಡೆ ಕರೆದೊಯ್ಯುತ್ತಿತ್ತು. ಈ ಎರಡನೆಯ ದಿಕ್ಕು ನಮ್ಮ ಸರ್ಕಾರಿ ಚರಿತ್ರೆಯಲ್ಲಿ ಹೆಚ್ಚು ದಾಖಲಾಗಿಲ್ಲ. ರಾಷ್ಟ್ರೀಯ ಕಾರ್ಯಕ್ರಮವಾಗಿ ಮಹಿಳಾ ಸಮಖ್ಯಾ ಈಗ ಇಲ್ಲ. ಅದು ಹೋದಾಗ ಜೊತೆಗೆ ಹೋಗುವವರ ಒಂದು ಪರಂಪರೆಗೇ ಸರ್ಕಾರದ ಆಸರೆ ತಪ್ಪಿತು.

ರಾಜ್ಯ ಸರ್ಕಾರ 2000-01ರಲ್ಲಿ ‘ಸಾಂತ್ವನ’ ಯೋಜನೆ ತಂದಿತು. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ಕೇಂದ್ರಗಳು, ಹಗಲಿರುಳು ಸಹಾಯವಾಣಿ, ಸಮಾಲೋಚಕಿ, ಕಾನೂನು ನೆರವು, ತಾತ್ಕಾಲಿಕ ಆಶ್ರಯ ಅದರ ಅಂಗಗಳು. ಕ್ರಮೇಣ ತಾಲೂಕು ಮಟ್ಟಕ್ಕೂ ಅದು ಹರಡಿತು. ರಾಜಧಾನಿಯ ಸಹಾಯವಾಣಿಯ ಮಾದರಿ ಹಳ್ಳಿಗೆ ಒಂದು ಬಸ್ಸಿನ ದೂರಕ್ಕೆ ಬಂದದ್ದು ಆಗ. ತಾಲೂಕಿನ ಪೊಲೀಸರಿಗೂ ಮೊದಲ ಸಲ, ಇಲ್ಲಿಗೆ ಹೋಗು ತಂಗಿ ಎಂದು ಹೇಳಲಿಕ್ಕೆ ಒಂದು ವಿಳಾಸ ಸಿಕ್ಕಿತು.

2005ರ ಕಾಯ್ದೆ ಹೇಳಿದ್ದು

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಮೇಲೆ ಹೇಳಿದ ಮೂರು ಮಾತಿಗೂ, ಹೊಡೆತ ನಿಲ್ಲಬೇಕು, ಜಾಗ ಬೇಕು, ಮಕ್ಕಳು ಬೇಕು ಎಂಬುದಕ್ಕೆ, ಇದರಲ್ಲಿ ಉತ್ತರವಿದೆ. 18ನೇ ಕಲಂ ಸಂರಕ್ಷಣಾ ಆದೇಶದ್ದು, 19 ವಾಸದ ಹಕ್ಕಿನದು, 20 ಹಣದ ಪರಿಹಾರದ್ದು, 21 ಮಕ್ಕಳ ಸುಪರ್ದಿನದು. ಗಂಡನನ್ನು ಜೈಲಿಗೆ ಕಳಿಸದೆಯೂ ಇವನ್ನೆಲ್ಲ ಕೇಳಬಹುದು. ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಟ್ಟು, 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು. ಕೊಟ್ಟ ಆದೇಶವನ್ನು ಗಂಡ ಮುರಿದರೆ ಮಾತ್ರ ಅದು ಅಪರಾಧ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 5ನೇ ಕಲಂ. ದೂರು ಬಂದಾಗ ಪೊಲೀಸ್ ಅಧಿಕಾರಿ ಐದು ಸಂಗತಿ ತಿಳಿಸಬೇಕು: ಈ ಕಾಯ್ದೆಯಡಿ ಕೇಳಬಹುದಾದ ಪರಿಹಾರಗಳು, ಸೇವಾದಾತ ಸಂಸ್ಥೆಗಳು, ಸಂರಕ್ಷಣಾಧಿಕಾರಿಗಳು, ಉಚಿತ ಕಾನೂನು ನೆರವು, ಮತ್ತು 498ಎ ಅಡಿ ದೂರು ಕೊಡುವ ಹಕ್ಕು. ಇದರ ಕೊನೆಗೆ ಒಂದು ಷರತ್ತು ಇದೆ. ವಾರಂಟಿಲ್ಲದೆ ಬಂಧಿಸಬಹುದಾದಂಥ ಅಪರಾಧದ ಮಾಹಿತಿ ಬಂದರೆ ಕಾನೂನಿನಂತೆ ಮುಂದುವರಿಯುವ ಪೊಲೀಸರ ಕರ್ತವ್ಯಕ್ಕೆ ಈ ಕಾಯ್ದೆಯಿಂದ ಯಾವ ವಿನಾಯಿತಿಯೂ ಇಲ್ಲ. ಅಂದರೆ ನೆರವಿನ ಕಡೆ ಕಳಿಸುವುದು ಮತ್ತು ಕೇಸು ದಾಖಲಿಸುವುದು ಎರಡೂ ಆಗಬೇಕು. ಕಾನೂನು ‘ಮತ್ತು’ ಎಂದಿತು. ವ್ಯವಹಾರದಲ್ಲಿ ಅದು ಬಹಳ ಕಡೆ ‘ಅಥವಾ’ ಎಂದೇ ಓದಿಸಿಕೊಂಡಿತು. ಹಳೆಯ ಕಾಲದ ಕೇಸು ಅಥವಾ ರಾಜಿಯ ಜಾಗದಲ್ಲಿ ಕೇಸು ಅಥವಾ ಸಮಾಲೋಚನೆ ಬಂದು ಕೂತಿತು.

ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ, ವಹಿಸಲಾಯಿತು. ಇದರಲ್ಲಿ ಒಂದು ಜಾಣತನವಿತ್ತು. ಊರೂರಿನ ಅಂಗನವಾಡಿಗಳು ಈ ಅಧಿಕಾರಿಯ ಕೈಕೆಳಗೇ ಬರುತ್ತವೆ. ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಒಂದು ತೊಂದರೆಯೂ ಇತ್ತು. ಮೊಟ್ಟೆ, ಪೌಷ್ಟಿಕ ಆಹಾರ, ಕಟ್ಟಡ, ಸ್ತ್ರೀಶಕ್ತಿ ಗುಂಪು, ಬಾಲ್ಯವಿವಾಹ ತಡೆ, ಇವೆಲ್ಲದರ ಜೊತೆಗೆ ಇನ್ನೊಂದಾಗಿ ಈ ಕೆಲಸ ಬಂತು. ಈ ಅಧಿಕಾರಿ ಕೌಟುಂಬಿಕ ಘಟನಾ ವರದಿ ಬರೆಯಬೇಕು, ಮ್ಯಾಜಿಸ್ಟ್ರೇಟರಿಗೆ ಕೊಡಬೇಕು, ಅದರ ಪ್ರತಿಯನ್ನು ಠಾಣೆಗೆ ಕಳಿಸಬೇಕು, ಬೇಕಾದರೆ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಆಶ್ರಯ ಒದಗಿಸಬೇಕು. ಇಷ್ಟು ವಿವರವಾಗಿ ಸಂರಕ್ಷಣಾಧಿಕಾರಿಯ ಕರ್ತವ್ಯ ಬರೆದ ಕಾಯ್ದೆ ಠಾಣೆಯ ವಿಷಯದಲ್ಲಿ 5ನೇ ಕಲಮಿನಲ್ಲಿ ‘ತಿಳಿಸಬೇಕು’ ಎಂದಷ್ಟೇ ಹೇಳುತ್ತದೆ, ಕರೆದೊಯ್ಯಬೇಕು ಎನ್ನುವುದಿಲ್ಲ. ಠಾಣೆಯ ಬಾಗಿಲಿಗೂ ಸಿಡಿಪಿಒ ಕಚೇರಿಯ ಬಾಗಿಲಿಗೂ ನಡುವಿನ ರಸ್ತೆ ಯಾರ ಹೊಣೆ ಎಂಬುದು ಅಲ್ಲಿ ಬರೆದಿಲ್ಲ.

ಗಂಡನೆಂದು ಹೆಸರಿಸಲಾಗದವರ ವಿಷಯದಲ್ಲಿ ಈ ರಸ್ತೆ ಇನ್ನೂ ದುರ್ಗಮ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದ ಸಾವಿರಾರು ಹೆಂಗಸರಿದ್ದಾರೆ. 1982ರ ರಾಜ್ಯ ಕಾಯ್ದೆ ಸಮರ್ಪಣೆಯನ್ನು ನಿಷೇಧಿಸಿತು. ಆದರೆ ಒಬ್ಬ ಗಂಡಸಿನೊಂದಿಗೆ ವರ್ಷಗಟ್ಟಲೆ ಬಾಳಿ, ಅವನಿಂದ ಮಕ್ಕಳನ್ನು ಪಡೆದು, ಅವನಿಂದಲೇ ಹೊಡೆತ ತಿಂದ ಮಾಜಿ ದೇವದಾಸಿಗೆ 498ಎ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಆತ ಕಾನೂನಿನ ಕಣ್ಣಿಗೆ ಗಂಡನಲ್ಲ. 2005ರ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ವನ್ನೂ ಒಳಗೊಂಡಾಗ ಅವಳಿಗೂ ಬಾಗಿಲು ತೆರೆದಂತೆ ಕಂಡಿತು. ಆದರೆ ಬೆಂಗಳೂರಿನಿಂದಲೇ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಈಗಾಗಲೇ ಮದುವೆಯಾದವನೆಂದು ತಿಳಿದೂ ಆತನೊಂದಿಗೆ ಬಾಳಿದ ಸಂಬಂಧ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು. ಇಂಥ ಹೆಂಗಸರ ಸ್ಥಿತಿಗೆ ಶಾಸನವೇ ಪರಿಹಾರ ಕಂಡುಕೊಳ್ಳಬೇಕು ಎಂಬ ಕಳವಳವೂ ಆ ತೀರ್ಪಿನಲ್ಲಿದೆ. ದೇವದಾಸಿ ತಾಯಂದಿರ ಸಂಬಂಧಿಗಳಲ್ಲಿ ಹೆಚ್ಚಿನವರು ಹೀಗೆ ಮದುವೆಯಾದ ಗಂಡಸರೇ. ಅವಳನ್ನು ಠಾಣೆಯಿಂದ ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರ ಅರ್ಧವಷ್ಟೇ ಇದೆ.

ಹೊರಗಿನವರು ಕಂಡ ಸಂದು

ಈ ಸಂದು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಡುಲೂತ್ ಎಂಬ ಸಣ್ಣ ನಗರದಲ್ಲಿ 1980ರ ದಶಕದ ಆರಂಭದಲ್ಲಿ ಒಂದು ಪ್ರಯೋಗ ನಡೆಯಿತು. ಪೊಲೀಸರು ಹಲ್ಲೆ ಮಾಡಿದವನನ್ನು ಬಂಧಿಸಿದ ಕೂಡಲೇ ಆಶ್ರಯಧಾಮಕ್ಕೆ ಸುದ್ದಿ ಹೋಗುತ್ತಿತ್ತು, ಅಲ್ಲಿನ ಕಾರ್ಯಕರ್ತೆಯರು ಹೆಂಗಸಿನ ಮನೆಗೇ ಬರುತ್ತಿದ್ದರು. ವೇಲ್ಸ್‌ನ ಕಾರ್ಡಿಫ್‌ನಲ್ಲಿ 2003ರಿಂದ ಪೊಲೀಸು, ಆಸ್ಪತ್ರೆ, ವಸತಿ ಇಲಾಖೆ, ನೆರವಿನ ಸಂಸ್ಥೆಗಳೆಲ್ಲ ಒಂದೇ ಮೇಜಿನ ಸುತ್ತ ಕೂತು, ಜೀವಕ್ಕೆ ಅಪಾಯವಿರುವ ಹೆಂಗಸರ ಪಟ್ಟಿಯನ್ನು ಒಂದೊಂದಾಗಿ ನೋಡಿ, ಯಾರು ಏನು ಮಾಡಬೇಕೆಂದು ಹಂಚಿಕೊಳ್ಳುವ ಪದ್ಧತಿ ಬಂತು. ಎರಡರ ಪಾಠ ಒಂದೇ. ಹೆದರಿ ಕೂತವಳ ಕೈಗೆ ಫೋನ್ ನಂಬರು ಕೊಟ್ಟು ನೀನೇ ಕರೆ ಮಾಡು ಎನ್ನಬಾರದು. ಅವಳ ಒಪ್ಪಿಗೆ ಪಡೆದು ನೆರವಿನವರೇ ಅವಳನ್ನು ಹುಡುಕಿಕೊಂಡು ಬರಬೇಕು. ಸಹಯೋಗಿನಿಯರು ವಿಜಾಪುರದ ಹಳ್ಳಿಗಳಲ್ಲಿ ಮಾಡಿದ್ದು ಇದನ್ನೇ.

ಸಖಿ, ಗೆಳತಿ ಮತ್ತು ಅಂಕಿಗಳು

2012ರ ದೆಹಲಿಯ ಘಟನೆಯ ನಂತರ ಸರ್ಕಾರಗಳು ಚುರುಕಾದವು. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಗೆಳತಿ’ ವಿಶೇಷ ಚಿಕಿತ್ಸಾ ಘಟಕಗಳು ಬಂದವು. ಕೇಂದ್ರದ ನಿರ್ಭಯಾ ನಿಧಿಯಿಂದ 2015ರ ಏಪ್ರಿಲ್ 1ರಿಂದ ‘ಸಖಿ’ ಒನ್ ಸ್ಟಾಪ್ ಸೆಂಟರ್ ಯೋಜನೆ ಮತ್ತು 181 ಸಹಾಯವಾಣಿ ಯೋಜನೆ ಶುರುವಾದವು. ಒಂದೇ ಸೂರಿನಡಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಸಮಾಲೋಚನೆ, ಐದು ದಿನದವರೆಗೆ ವಾಸ್ತವ್ಯ. ಹೆಂಗಸು ಹತ್ತು ಬಾಗಿಲು ಅಲೆಯುವ ಬದಲು ಹತ್ತು ಇಲಾಖೆ ಒಂದು ಬಾಗಿಲಿಗೆ ಬರಲಿ ಎಂಬ ಒಳ್ಳೆಯ ಯೋಚನೆ ಇದು. ಆದರೆ ಆ ಒಂದು ಬಾಗಿಲು ಜಿಲ್ಲೆಗೊಂದು. ಸಖಿ ಬಂದ ಮೇಲೆ ಸಾಂತ್ವನ ಯಾಕೆ ಎಂದು 2021ರಲ್ಲಿ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ತೀರ್ಮಾನವಾದಾಗ ಮಹಿಳಾ ಸಂಘಟನೆಗಳು ವಿರೋಧಿಸಿದ್ದು ಈ ದೂರದ ಲೆಕ್ಕ ಗೊತ್ತಿದ್ದರಿಂದಲೇ.

ಅದೇ ಹೊತ್ತಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಅಂಕಿಗಳು ಬಂದವು. ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದರು. 2015-16ರ ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹಿಂಸೆ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ ಎಂದು ಪಂಡಿತರು ವಾದಿಸಬಹುದು. ವಾದಕ್ಕೆ ಎಡೆಯಿಲ್ಲದ ಇನ್ನೊಂದು ಅಂಕಿ ಅದೇ ಸಮೀಕ್ಷೆಯಲ್ಲಿದೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ. 14 ಮಾತ್ರ. ಅವರಲ್ಲಿ ಹೆಚ್ಚಿನವರು ಕೇಳಿದ್ದು ತವರಿನವರನ್ನು. ‘ಗರತಿಯ ಹಾಡಿ’ನ ಹೆಣ್ಣು ಇನ್ನೂ ಅದೇ ದಾರಿ ನೋಡುತ್ತಿದ್ದಾಳೆ. ಹಾಗಾಗಿ ಠಾಣೆಯವರೆಗೆ ಬಂದವಳು ಎಂದರೆ ಎಲ್ಲ ಬಾಗಿಲು ತಟ್ಟಿ ಕೊನೆಗೆ ಬಂದವಳು. ಅಲ್ಲಿಂದ ಬರಿಗೈಯಲ್ಲಿ ಹಿಂತಿರುಗಿದರೆ ಇನ್ನೊಮ್ಮೆ ಬರುವ ಸಂಭವ ಕಡಿಮೆ.

ಕಳಿಸುವುದೋ, ಸಾಗಹಾಕುವುದೋ

ನೆರವಿನ ಕಡೆ ಕಳಿಸುವುದಕ್ಕೂ ಸಾಗಹಾಕುವುದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದಿತು, ಆದರೆ ವೈವಾಹಿಕ ವಿವಾದಗಳಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದೆಂದು ಸೇರಿಸಿತು. 2017ರಲ್ಲಿ ರಾಜೇಶ್ ಶರ್ಮಾ ಪ್ರಕರಣದಲ್ಲಿ 498ಎ ದೂರುಗಳನ್ನು ಮೊದಲು ಜಿಲ್ಲಾ ಕುಟುಂಬ ಕಲ್ಯಾಣ ಸಮಿತಿಗೆ ಕಳಿಸಬೇಕೆಂದಿತು. 2018ರಲ್ಲಿ ಹಿರಿಯ ಪೀಠ ಆ ಸಮಿತಿಗಳನ್ನು ಕೈಬಿಟ್ಟಿತು. 2025ರಲ್ಲಿ ಇನ್ನೊಂದು ತೀರ್ಪಿನ ಮೂಲಕ, ಎರಡು ತಿಂಗಳ ಕಾಯುವ ಅವಧಿಯೂ ಸಮಿತಿಯೂ ಇರುವ ಅಲಹಾಬಾದ್ ಹೈಕೋರ್ಟಿನ ಮಾರ್ಗಸೂಚಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಸುಳ್ಳು ದೂರಿನ ಆತಂಕ ಒಂದು ಕಡೆ, ಸುಟ್ಟಗಾಯದ ವಾರ್ಡಿನ ನೆನಪು ಇನ್ನೊಂದು ಕಡೆ. ಈ ಎಳೆದಾಟದಲ್ಲಿ ಸಮಾಲೋಚನೆ ಎಂಬ ಮಾತು ಯಾರ ಪರ ಎಂಬುದು ಪ್ರತಿ ಸಲವೂ ಬದಲಾಗುತ್ತದೆ.

ಗುರುತಿಸುವುದು ಹೇಗೆ? ಮೂರು ಪ್ರಶ್ನೆ ಸಾಕು. ಕಳಿಸುವ ಮೊದಲು ಅವಳ ದೂರನ್ನು ಬರೆದುಕೊಂಡು ಸ್ವೀಕೃತಿ ಕೊಟ್ಟರೋ ಇಲ್ಲವೋ? ಕಳಿಸಿದ್ದು ಅವಳ ಸುರಕ್ಷೆಗೋ, ಸಂಸಾರ ಸರಿಪಡಿಸುವುದಕ್ಕೋ? ಅವಳು ಅಲ್ಲಿಗೆ ತಲುಪಿದಳೇ ಎಂದು ಮಾರನೆಯ ದಿನ ಯಾರಾದರೂ ಕೇಳಿದರೋ? ಮೂರಕ್ಕೂ ಉತ್ತರ ಸರಿಯಿದ್ದರೆ ಅದು ನೆರವು. ಇಲ್ಲದಿದ್ದರೆ ಅದು ಹಳೆಯ ಮುಚ್ಚಳಿಕೆಯೇ, ಹಾಳೆ ಮಾತ್ರ ಹೊಸದು.

ಮರೋಳದ ಹೆಸರು ಇಂದು ಹೊರಗಿನವರಿಗೆ ಗೊತ್ತಿರುವುದು ರಾಮಥಾಳ-ಮರೋಳ ಏತ ನೀರಾವರಿಯಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಕೊಳವೆಯಲ್ಲಿ ಹೊಲಹೊಲಕ್ಕೆ ಹನಿಹನಿಯಾಗಿ ಕೊಡುವ ದೊಡ್ಡ ಯೋಜನೆ ಅದು. ಜಲಾಶಯ ತುಂಬಿದೆ, ಮುಖ್ಯ ಕೊಳವೆ ಬಂದಿದೆ ಎಂಬುದರಿಂದ ಬೆಳೆಗೆ ನೀರಾಗುವುದಿಲ್ಲ, ಹೊಲದ ಬದುವಿನವರೆಗೆ ಬರಬೇಕು ಎಂಬುದನ್ನು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಣ್ಣುಮಕ್ಕಳ ನೆರವಿನ ವಿಷಯದಲ್ಲೂ ದೊಡ್ಡ ಕೊಳವೆಗಳೆಲ್ಲ ಬಂದಿವೆ: ಕಾಯ್ದೆ, ಅಧಿಕಾರಿ, ಸಹಾಯವಾಣಿ, ಸಖಿ ಕೇಂದ್ರ. ಒಂದು ಕಾಲಕ್ಕೆ ಇವು ಯಾವುವೂ ಇರಲಿಲ್ಲ. ಹಾಗಾಗಿ ಆದದ್ದನ್ನು ಕಡೆಗಣಿಸುವಂತಿಲ್ಲ.

ಉಳಿದಿರುವುದು ಸಣ್ಣದು, ಆದರೆ ಅದಿಲ್ಲದೆ ಮೇಲಿನದೆಲ್ಲ ವ್ಯರ್ಥ. ಠಾಣೆಯ ಮೆಟ್ಟಿಲಿಳಿದವಳ ಜೊತೆ ಮುಂದಿನ ಬಾಗಿಲವರೆಗೆ ಒಬ್ಬರು ಹೋಗಬೇಕು. ಹಿಂದೆ ಅಣ್ಣ ಹೋಗುತ್ತಿದ್ದ, ಆಮೇಲೆ ಸಂಘದವರು ಹೋದರು. ಇನ್ನು ಮುಂದೆ ಯಾರು ಎಂಬುದಕ್ಕೆ ಪ್ರತಿ ತಾಲೂಕಿನ ಠಾಣೆಯ ಗೋಡೆಯ ಮೇಲೆ ಒಂದು ಹೆಸರು, ಒಂದು ಫೋನ್ ನಂಬರು, ರಾತ್ರಿಯೂ ಓಡುವ ಒಂದು ಗಾಡಿ ಇರಬೇಕು. ಆ ಹೆಸರಿನವರಿಗೆ ತಿಂಗಳ ಸಂಬಳ ಸರಿಯಾಗಿ ಬರಬೇಕು.